ಅಜ್ಜಿಯ ಸೀರೆ ನೆಲಕ್ಕೆ ತಾಗಿದ್ದು

ಶಿಗ್ಗಾವಿ ಕಡೆಯ ನಮ್ಮೂರಿನಲ್ಲಿ ನನ್ನ ಅಜ್ಜಿಯಷ್ಟು ಎತ್ತರದ ಹೆಂಗಸು ಬೇರೆ ಇರಲಿಲ್ಲ. ಯಾವ ಸೀರೆ ಉಟ್ಟರೂ ಕಾಲು ಪೂರ್ತಿ ಮುಚ್ಚುತ್ತಿರಲಿಲ್ಲ. ಹೊಸ ಸೊಸೆಯಾಗಿ ಬಂದಾಗ ಓಣಿಯ ಹೆಂಗಸರು ಅದನ್ನು ಆಡಿಕೊಂಡು ನಕ್ಕಿದ್ದರಂತೆ.

ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಮುಂಚಿನ ಮಾತು. ಆಗ ಅಜ್ಜಿಗೆ ಎಪ್ಪತ್ತರ ಹತ್ತಿರ. ಅಪ್ಪ ಸವಣೂರಿನ ಅಂಗಡಿಯಿಂದ ತಂದ ಹೊಸ ಸೀರೆ ಉಟ್ಟಾಗ ಅದರ ಅಂಚು ನೆಲ ಗುಡಿಸಿತು. ಮರುದಿನವೇ ನನ್ನನ್ನು ಕರೆದುಕೊಂಡು ಚಕ್ಕಡಿ ಹತ್ತಿ ಅದೇ ಅಂಗಡಿಗೆ ಹೋದಳು.

"ಇದರ ಪನ್ನ ಹೆಚ್ಚಾಗೇತ್ರಿ. ಬ್ಯಾರೆ ಕೊಡ್ರಿ," ಎಂದಳು.

"ಅಗಲ ಎಲ್ಲಾ ಒಂದರಿ ಅಮ್ಮಾರ. ಬೇಕಾದ್ರ ಹಚ್ಚಿ ನೋಡ್ರಿ," ಎಂದರು ಅಂಗಡಿಯವರು.

ಅಜ್ಜಿ ತಾನು ಉಟ್ಟಿದ್ದ ಹಳೆಯ ಸೀರೆಯ ಸೆರಗನ್ನು ಹೊಸದರ ಮೇಲೆ ಹಾಸಿದಳು. ಎರಡೂ ಅಂಚು ಸರಿಯಾಗಿ ಕೂತವು. ಹಳೆಯದನ್ನು ಈಚೆಗೆ ಸೊಂಟದಲ್ಲಿ ಮೇಲಕ್ಕೆತ್ತಿ ಸಿಕ್ಕಿಸಿಕೊಳ್ಳುತ್ತಿದ್ದಳು. ಅದು ಏಕೆಂದು ಅವಳಿಗೂ ಹೊಳೆದಿರಲಿಲ್ಲ.

"ಹಂಗಾರ ನಾನ ಗಿಡ್ಡ ಆಗೇನಿ," ಎಂದಳು.

"ವಯಸ್ಸಾದ ಮ್ಯಾಲ ಎಲ್ಲಾರೂ ಹಂಗರಿ."

ಅಜ್ಜಿ ಹೊಸ ಸೀರೆಯನ್ನು ತಾನೇ ಮಡಚಿಕೊಂಡಳು.

"ಇರ್ಲಿ ಬಿಡ್ರಿ. ಈಗರ ಕಾಲು ಮುಚ್ಚತೈತಿ. ಇಂಥಾದ್ದ ಇನ್ನೊಂದು ತೋರಸ್ರಿ."

ಆ ಎರಡು ಸೀರೆಗಳನ್ನು ಆಕೆ ಎಂದೂ ಮೇಲಕ್ಕೆತ್ತಿ ಸಿಕ್ಕಿಸಲಿಲ್ಲ. ಅಂಚಿಗೆ ಹತ್ತಿದ ಕೆಸರನ್ನು ತಿಕ್ಕಿ ತಿಕ್ಕಿ ಒಗೆಯುವುದು ಮಾತ್ರ ಅವ್ವನ ಪಾಲಿಗೆ ಬಂತು.