ಶುಂಠಿಗಿಲ್ಲದ ಸೂತಕ

ತರಕಾರಿ ಅಂಗಡಿಯಲ್ಲಿ ಈಗಲೂ ನಾನು ಹಸಿಶುಂಠಿಯ ಬುಟ್ಟಿಯ ಮುಂದೆ ನಿಲ್ಲುವುದಿಲ್ಲ. ಮಣ್ಣು ಬಿಡದ ಶುಂಠಿಯ ಆ ಖಾರದ ವಾಸನೆ ಮೂಗಿಗೆ ಬಡಿದರೆ ಸಾಕು, ಕುಶಾಲನಗರದಾಚೆಯ ನಮ್ಮ ಅಂಗಳ, ಅಂಗಳದಲ್ಲಿ ಆಗಷ್ಟೇ ಕಿತ್ತು ತಂದ ಶುಂಠಿಯ ರಾಶಿ, ಪಕ್ಕದಲ್ಲಿ ಸೆರಗು ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂತ ಶಾರದತ್ತೆ, ಎಲ್ಲ ಒಟ್ಟಿಗೆ ಎದ್ದು ಬರುತ್ತವೆ. ತಾತ ಹಾರಂಗಿ ನಾಲೆಯ ನೀರು ನಂಬಿ ಹಾಸನದ ಕಡೆಯಿಂದ ಬಂದು ಮಾಡಿದ ಜಮೀನು ಅದು. ಶಾರದತ್ತೆ ಅಪ್ಪನ ತಂಗಿ. ಗಣಿತದಲ್ಲಿ ಪಿಎಚ್‌.ಡಿ. ಮುಗಿಸಿ, ಮದುವೆಯ ಮಾತನ್ನು ಮುಂದೂಡುತ್ತ, ಬೆಂಗಳೂರಿನಲ್ಲಿ ಒಂದಾದ ಮೇಲೊಂದು ತಾತ್ಕಾಲಿಕ ಕೆಲಸ ಹಿಡಿದು ಸಂಶೋಧನೆ ಮಾಡುತ್ತಿದ್ದಳು.

ಅದೇನು ಲೆಕ್ಕ ಅತ್ತೆ ಎಂದು ಕೇಳಿದ್ದಕ್ಕೆ ಒಮ್ಮೆ ನನ್ನ ಕೈಯನ್ನು ಶುಂಠಿ ರಾಶಿಯೊಳಗೆ ಮೊಣಕೈವರೆಗೆ ತೂರಿಸಿದ್ದಳು. ಒಳಗೆ ಬೆಚ್ಚಗಿತ್ತು. ಈ ಬಿಸಿ ಜಾಗದಿಂದ ಜಾಗಕ್ಕೆ ಬೇರೆ, ಗಳಿಗೆಯಿಂದ ಗಳಿಗೆಗೂ ಬೇರೆ, ಎರಡೂ ಬದಲಾವಣೆಗಳನ್ನು ಒಂದೇ ಸಾಲಿನಲ್ಲಿ ಕಟ್ಟಿಹಾಕುವ ಸಮೀಕರಣ ನನ್ನದು ಅಂದಳು. ಉತ್ತರ ಎಷ್ಟು ಅಂದರೆ ನಕ್ಕಳು. ಉತ್ತರ ಇದೆಯೇ, ಇದ್ದರೆ ಒಂದೇ ಇದೆಯೇ ಎಂದು ಸಾಧಿಸಿ ತೋರಿಸುವುದೇ ಅವಳ ಕೆಲಸವಂತೆ. ಅದು ನಮ್ಮ ಮನೆಗೆ ವರ್ಷಗಟ್ಟಲೆ ಸಾಲುವ ತಮಾಷೆಯಾಯಿತು. ಉಪ್ಪಿನ ಡಬ್ಬಿ ಕಾಣದಿದ್ದರೆ ಅಜ್ಜಿ, ಇದೆ ಅಂತ ಶಾರದ ಸಾಧಿಸ್ತಾಳೆ, ಎಲ್ಲಿದೆ ಅಂತ ನೀವೇ ಹುಡುಕಿಕೊಳ್ಳಿ ಅನ್ನುತ್ತಿದ್ದಳು. ಅತ್ತೆಯೂ ಎಲ್ಲರ ಜೊತೆ ನಗುತ್ತಿದ್ದಳು. ಆ ನಗು ನೆನೆದರೆ ನನಗೆ ಈಗ ಮೈ ಉರಿಯುತ್ತದೆ.

ತಾತ ತೀರಿಕೊಂಡದ್ದು ಶುಂಠಿ ಕಿತ್ತು ರಾಶಿ ಹಾಕಿದ್ದ ವಾರದಲ್ಲಿ. ಅದೇ ವಾರ ಅತ್ತೆಗೆ ದೂರದ ಊರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಸಂದರ್ಶನವಿತ್ತು. ಖಾಯಂ ಹುದ್ದೆ. ವಯಸ್ಸಿನ ಮಿತಿಯಲ್ಲಿ ಅದೇ ಅವಳ ಕೊನೆಯ ಅವಕಾಶ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಸೂತಕದ ಮನೆ, ಮದುವೆಯಾಗದ ಮಗಳು ಹೊಸಿಲು ದಾಟಿ ಊರೂರು ಅಲೆದರೆ ಜನ ಏನಂದಾರು ಎಂದು ಅಪ್ಪ ತಡೆದ. ಅಜ್ಜಿ ಅಳುತ್ತ ಕೂತಳು. ಅತ್ತೆ ಸಂಸ್ಥೆಗೆ ಫೋನು ಮಾಡಿ ಇನ್ನೊಂದು ದಿನ ಕೊಡಿ ಎಂದು ಬೇಡಿಕೊಂಡಳು. ಇನ್ನೊಂದು ದಿನ ಅವರಲ್ಲಿರಲಿಲ್ಲ. ಫೋನಿಟ್ಟು ಒಳಗೆ ಹೋದಳು.

ಸಂದರ್ಶನದ ದಿನ ಬೆಳಿಗ್ಗೆ ಅಂಗಳಕ್ಕೆ ಲಾರಿ ಬಂತು. ತಲೆಗೆ ಟವಲ್ ಸುತ್ತಿ ಅಪ್ಪ ಆಳುಗಳ ಜೊತೆ ಚೀಲ ತುಂಬಿಸಿದ, ಆಮೇಲೆ ಲಾರಿ ಹತ್ತಿ ತಾನೇ ಮಂಡಿಗೆ ಹೊರಟ. ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು.

"ಶುಂಠಿಗೆ ಸೂತಕ ಇಲ್ವಾ ಅಣ್ಣ?"

"ಅದು ಕಾಯಲ್ಲ ಕಣಮ್ಮ, ಕೊಳ್ತು ಹೋಗುತ್ತೆ," ಅಂದ ಅಪ್ಪ. "ನಿನ್ ಲೆಕ್ಕ ಏನ್ ಕೊಳ್ಯುತ್ತಾ?"

ಕೊಳೆಯಿತು. ಬೆಂಗಳೂರಿನ ಕೆಲಸದ ಅವಧಿಯೂ ಮುಗಿದು ಅತ್ತೆ ಊರಿಗೇ ಬಂದಳು. ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿ, ಬಡ್ಡಿ ಮತ್ತು ಶೇಕಡಾವಾರು ಕಲಿಸುತ್ತ ಉಳಿದಳು. ಮೊದಮೊದಲು ಅಡುಗೆ ಮುಗಿಸಿ ಹಾಳೆ ಹರಡಿಕೊಂಡು ಕೂರುತ್ತಿದ್ದಳು. ಅವಳು ಅರ್ಧ ಸಾಧಿಸಿದ್ದನ್ನು ಎಲ್ಲಿಯದೋ ಇಬ್ಬರು ಪೂರ್ತಿ ಮಾಡಿ ಪ್ರಕಟಿಸಿದರೆಂದು ತಿಳಿದ ಮೇಲೆ ಅದನ್ನೂ ಬಿಟ್ಟಳು. ಅಪ್ಪ ಕೆಟ್ಟವನೇನಲ್ಲ. ಅವಳಿಗೆ ಸ್ಕೂಟರ್ ಕೊಡಿಸಿದ, ಜ್ವರ ಬಂದರೆ ತಾನೇ ಡಾಕ್ಟರ ಹತ್ತಿರ ಕರೆದೊಯ್ದ. ಆ ಒಂದು ದಿನದ ಮಾತನ್ನು ಮಾತ್ರ ಇಬ್ಬರೂ ಮತ್ತೆ ಎತ್ತಲಿಲ್ಲ. ಅಜ್ಜಿ ಹೋದಳು, ಶುಂಠಿಗೆ ರೋಗ ಬಿತ್ತು, ಜಮೀನು ಲೇಔಟ್ ಆಯಿತು. ನಮ್ಮ ಅಂಗಳವಿದ್ದಲ್ಲಿ ಈಗ ಯಾರದೋ ಕಾರು ನಿಲ್ಲುತ್ತದೆ.

ಕಳೆದ ಮಳೆಗಾಲ ಅತ್ತೆ ತೀರಿಕೊಂಡಳು. ಲೇಔಟಿನಲ್ಲಿ ಉಳಿಸಿಕೊಂಡ ಒಂದೇ ಸೈಟಿನ ಮನೆಯಲ್ಲಿ ಅಪ್ಪ ಅವಳ ಸೂತಕ ಹಿಡಿದ. ಗಡ್ಡ ಬಿಟ್ಟು, ಚಾಪೆಯ ಮೇಲೆ ಮಲಗಿ, ಕಳೆಯುವವರೆಗೂ ಹೊಸಿಲಾಚೆ ಕಾಲಿಡಲಿಲ್ಲ. ಮಾತಾಡಿಸಲು ಬಂದವರೆಲ್ಲ ತಂಗಿಯೆಂದರೆ ಎಷ್ಟು ಪ್ರಾಣ ಅಂದರು. ಇದ್ದರೂ ಇರಬಹುದು. ನಾನು ಅವನಿಗೆ ಕಾಫಿ ಕೊಟ್ಟು ಎದುರಿಗೆ ಕೂತಿದ್ದೆ. ಶುಂಠಿಯ ಹಾಗೆ ಕಾಯಲಾರದ್ದು ಯಾವುದೂ ಆಗ ಅವನ ಬಳಿ ಉಳಿದಿರಲಿಲ್ಲ.