ಹೆಗಲು ಕೊಟ್ಟವನು, ಜಾಗ ಕೇಳಿದವಳು

ನಮ್ಮ ಕಡೆ ಯಾರಿಗೆ ಓಟು ಹಾಕಬೇಕೆಂಬುದು ಸಾವಿನ ಮನೆಯಲ್ಲಿ ತೀರ್ಮಾನವಾಗುತ್ತದೆ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಹಾನುಬಾಳಿನ ಸುತ್ತಮುತ್ತ ಪಂಚಾಯ್ತಿ ಚುನಾವಣೆ ಬಂತೆಂದರೆ ಜನ ಮೊದಲು ಕೇಳುವುದು ಅವನು ಏನು ಕೆಲಸ ಮಾಡಿದ ಎಂದಲ್ಲ, ನಮ್ಮ ಮನೆಯ ಸಾವಿಗೆ ಬಂದಿದ್ದನಾ ಎಂದು. ಮದುವೆಗೆ ಬರದಿದ್ದರೆ ನಡೆಯುತ್ತದೆ. ಮೂರನೇ ದಿನ ಮಣ್ಣಿನ ಮೇಲೆ ಹಾಲುತುಪ್ಪ ಬಿಡುವ ಹೊತ್ತಿಗೆ ಬರದಿದ್ದರೆ ಆ ಮನೆಯ ಕಡೆ ಮತ್ತೆ ತಲೆ ಹಾಕುವಂತಿಲ್ಲ. ಇನ್ನು ಚಟ್ಟಕ್ಕೆ ಹೆಗಲು ಕೊಟ್ಟಿದ್ದರಂತೂ ಕೇಳುವುದೇ ಬೇಡ, ಆ ಮನೆಯ ಓಟುಗಳೆಲ್ಲ ಅವನವೇ.

ನಮ್ಮ ಮನೆಯ ಓಟುಗಳು ಹೀಗೆ ಒಬ್ಬನ ಪಾಲಾದದ್ದು ಮಾವನವರು ತೀರಿಕೊಂಡ ಮಳೆಗಾಲದಲ್ಲಿ. ಸಕಲೇಶಪುರದ ಆಸ್ಪತ್ರೆಯಲ್ಲಿ ಜೀವ ಹೋಗಿತ್ತು. ಆಂಬುಲೆನ್ಸ್ ಮುಖ್ಯರಸ್ತೆಯ ಕ್ರಾಸ್‌ವರೆಗೆ ಬಂದು ನಿಂತುಬಿಟ್ಟಿತು. ಅಲ್ಲಿಂದ ನಮ್ಮ ಗೇಟಿನವರೆಗೆ ಆಗ ಬರೀ ಮಣ್ಣುರಸ್ತೆ, ಅದೂ ಏರು, ಎರಡೂ ಕಡೆ ಎಸ್ಟೇಟು. ಚಕ್ರ ಹೂತುಕೊಂಡರೆ ಯಾರು ಎಳೆಯುತ್ತಾರೆ ಎಂದು ಡ್ರೈವರ್ ಕೈ ಚೆಲ್ಲಿದ. ನಮ್ಮೆಜಮಾನರು ದಿಕ್ಕು ತೋಚದೆ ನಿಂತಿದ್ದಾಗ ಎಲ್ಲಿಂದಲೋ ಸುದ್ದಿ ತಿಳಿದು ಓಡಿಬಂದವನು ಅವನು. ಆಗಿನ್ನೂ ಪಂಚಾಯ್ತಿ ಮೆಂಬರ್ ಆಗಿರಲಿಲ್ಲ, ಕಾಫಿ ಮೂಟೆ ಸಾಗಿಸುವ ಪಿಕಪ್ ಓಡಿಸಿಕೊಂಡಿದ್ದ. ಪಂಚೆ ಮೇಲೆ ಕಟ್ಟಿ, ನಾಲ್ಕು ಜನರನ್ನು ಕೂಗಿ ಕರೆದು, ಮುಂದಿನ ಹೆಗಲು ತಾನೇ ಕೊಟ್ಟು, ಆ ಜಾರುವ ಕೆಸರಿನಲ್ಲಿ ಮಾವನವರನ್ನು ಮನೆ ಮುಟ್ಟಿಸಿದ.

"ಒಂದು ಸಲಾನೂ ನೆಲಕ್ಕೆ ಇಳಿಸ್ಲಿಲ್ಲ ಕಣೆ ಅವನು," ಎಂದು ಅತ್ತೆ ಇವತ್ತಿಗೂ ಹೇಳುತ್ತಾರೆ. ಮುಂದಿನ ಪಂಚಾಯ್ತಿ ಚುನಾವಣೆಗೆ ಅವನು ನಿಂತಾಗ ನಮ್ಮ ಮನೆಯಲ್ಲಿ ಚರ್ಚೆ ಎನ್ನುವುದೇ ನಡೆಯಲಿಲ್ಲ. ಊರಿನ ಬೇರೆ ಮನೆಗಳಲ್ಲೂ ಅದೇ ಕಥೆ, ಏಕೆಂದರೆ ಅವನು ಯಾರ ಮನೆಯ ಸಾವನ್ನೂ ತಪ್ಪಿಸಿಕೊಂಡವನಲ್ಲ. ಸಲೀಸಾಗಿ ಗೆದ್ದ.

ಅವನು ಕೆಟ್ಟವನು ಎಂದು ನಾನು ಹೇಳಲಾರೆ. ಗೆದ್ದ ಮೇಲೂ ಅದೇ ಪಂಚೆ, ಅದೇ ಪಿಕಪ್. ಫೋನ್ ಮಾಡಿದರೆ ಎತ್ತುತ್ತಿದ್ದ. ಕ್ರಾಸ್‌ನಿಂದ ನಮ್ಮ ಗೇಟಿನವರೆಗೆ ಟಾರು ಹಾಕಿಸಿದ್ದೂ ಅವನೇ. ಟಾರು ಬಂದ ಮೇಲೆ ಬಸ್ಸೂ ಬರುತ್ತದೆ ಎಂದ. ನಾವು ನಂಬಿದೆವು. ರಸ್ತೆ ಇದ್ದ ಮೇಲೆ ಬಸ್ ಬರಲು ಇನ್ನೇನು ಬೇಕು?

ಬಸ್ ಬರಲಿಲ್ಲ. ಅಷ್ಟರಲ್ಲಿ ಮಗಳು ಸಕಲೇಶಪುರದ ಕಾಲೇಜಿಗೆ ಸೇರಿದ್ದಳು. ಬೆಳಗಿನ ಬಸ್ಸಿಗೆ ಅವಳು ಮಂಜಿನಲ್ಲೇ ಕ್ರಾಸ್‌ವರೆಗೆ ನಡೆಯಬೇಕಿತ್ತು. ಆ ದಾರಿಯ ನಡುವೆ ಒಂದು ತಗ್ಗು, ಒಂದು ಎಸ್ಟೇಟಿನಿಂದ ಇನ್ನೊಂದಕ್ಕೆ ಆನೆಗಳು ದಾಟುವುದು ಅಲ್ಲೇ. ಆನೆ ಎಲ್ಲಿದೆ ಎಂದು ಅರಣ್ಯ ಇಲಾಖೆಯಿಂದ ಫೋನಿಗೆ ಮೆಸೇಜ್ ಬರುತ್ತದೆ, ನಿಜ. ಆನೆ ಆ ಮೆಸೇಜ್ ನೋಡಿಕೊಂಡು ನಡೆಯುವುದಿಲ್ಲವಲ್ಲ. ನಮ್ಮೆಜಮಾನರು ಆದಷ್ಟು ದಿನ ಬೈಕಿನಲ್ಲಿ ಬಿಟ್ಟುಬರುತ್ತಿದ್ದರು. ಕಾಫಿ ಕುಯ್ಲಿನ ಕಾಲದಲ್ಲಿ ಬೆಳಿಗ್ಗೆಯೇ ಆಳುಗಳು ಬಂದುಬಿಡುವುದರಿಂದ ಅವರಿಗೂ ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಆ ತಗ್ಗಿನಲ್ಲಿ ಒಂಟಿ ಸಲಗ ನಿಂತಿತ್ತು. ಮಂಜಿನಲ್ಲಿ ಅವಳಿಗೆ ಮೊದಲು ಕಂಡದ್ದು ಕಿವಿಯಂತೆ. ಓಡದೆ, ಕೂಗದೆ, ಹಿಂದೆ ಹಿಂದೆ ಹೆಜ್ಜೆ ಇಟ್ಟು ಪಕ್ಕದ ಎಸ್ಟೇಟಿನ ಆಳುಗಳ ಲೈನ್ ಮನೆಯೊಂದಕ್ಕೆ ನುಗ್ಗಿದ್ದಾಳೆ. ಅಲ್ಲಿದ್ದ ಹೆಂಗಸು ಬಾಗಿಲು ಹಾಕಿ ಕೂರಿಸಿಕೊಂಡು ಕಾಫಿ ಕೊಟ್ಟಳಂತೆ. ಅವತ್ತು ಪರೀಕ್ಷೆ ತಪ್ಪಿಹೋಯಿತು. ಮನೆಗೆ ಬಂದವಳು ಬ್ಯಾಗನ್ನು ಮೂಲೆಗೆ ಇಟ್ಟು, "ಅಮ್ಮ, ಈ ವರ್ಷ ಹೆಂಗೋ ಮುಗಿಸ್ತೀನಿ. ಬಸ್ ಬರ್ಲಿಲ್ಲ ಅಂದ್ರೆ ಮುಂದಿನ ವರ್ಷ ಹೋಗಲ್ಲ," ಎಂದಳು.  ಹಾಸ್ಟೆಲಿನಲ್ಲಿ ಸೀಟು ಕೇಳಿ ನೋಡಿಯಾಗಿತ್ತು, ಸಿಕ್ಕಿರಲಿಲ್ಲ. ನಾನು ಪಿಯುಸಿಗೇ ನಿಲ್ಲಿಸಿದವಳು. ಇವಳೂ ನನ್ನ ಹಾಗೆ ಅರ್ಧಕ್ಕೆ ನಿಂತರೆ ಎಂಬ ಭಯ ಆ ದಿನದಿಂದ ನನ್ನನ್ನು ಬಿಡಲಿಲ್ಲ.

ಮೆಂಬರನಿಗೆ ಫೋನ್ ಮಾಡಿದೆ. "ಬರುತ್ತೆ ಅತ್ತಿಗೆ, ಮಾತಾಡಿದೀನಿ," ಎಂದ. ಮುಂದಿನ ತಿಂಗಳು ಮತ್ತೆ ಮಾಡಿದೆ. "ಡ್ರೈವರ್ ಇಲ್ವಂತೆ ಅತ್ತಿಗೆ, ಆಗುತ್ತೆ ಬಿಡಿ." ಅವನ ದನಿಯಲ್ಲಿ ಯಾವತ್ತೂ ಬೇಸರ ಇರುತ್ತಿರಲಿಲ್ಲ. ಫೋನ್ ಇಟ್ಟ ಮೇಲೆ ನನಗೂ ಸ್ವಲ್ಪ ಹೊತ್ತು ಸಮಾಧಾನವಾಗಿರುತ್ತಿತ್ತು.

ಹೀಗಿರುವಾಗ ಮತ್ತೆ ಚುನಾವಣೆ ಬಂತು, ಸರಿಯಾಗಿ ಕುಯ್ಲಿನ ಕಾಲಕ್ಕೆ. ಈ ಸಲ ಅವನ ಎದುರು ನಿಂತವಳು ಹಾನುಬಾಳಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ, ನಮ್ಮೂರಿನದೇ ಹೆಂಗಸು. ಅವಳ ಬಗ್ಗೆ ಹೆಂಗಸರಿಗೆಲ್ಲ ಒಂದು ಸಿಟ್ಟು. ಉಳಿದ ದರ್ಜಿಗಳು ಹಬ್ಬಕ್ಕೆ ಕೊಡುತ್ತೇನೆಂದು ಬಟ್ಟೆ ಇಟ್ಟುಕೊಂಡು ಹಬ್ಬದ ದಿನ ಅಂಗಡಿ ಬಾಗಿಲು ಹಾಕಿರುತ್ತಿದ್ದರು. ಇವಳು ಮುಖ ನೋಡಿ, "ಹಬ್ಬಕ್ಕಾಗಲ್ಲ ಕಣಕ್ಕ, ಬೇಕಾದ್ರೆ ಬೇರೆ ಕಡೆ ಕೊಡಿ," ಎಂದು ಬಟ್ಟೆ ವಾಪಸ್ ತಳ್ಳುತ್ತಿದ್ದಳು. ಒಪ್ಪಿಕೊಂಡರೆ ಹೇಳಿದ ದಿನ ರವಿಕೆ ಸಿದ್ಧ. ಆದರೂ ನಮಗೆಲ್ಲ ನೆನಪಿರುತ್ತಿದ್ದದ್ದು ಅವಳು ತಳ್ಳಿದ ಬಟ್ಟೆಯೇ. ಸಾವಿನ ಮನೆಗಳಲ್ಲಿ ಅವಳು ಕಾಣುತ್ತಿದ್ದದ್ದೂ ಕಡಿಮೆ. ಇವಳಿಗೆ ಯಾರು ಓಟು ಹಾಕುತ್ತಾರೆ ಎಂದು ನಾವು ನಕ್ಕಿದ್ದೆವು.

ಅವಳು ಓಟು ಕೇಳಲು ಬಂದ ದಿನ ಅಂಗಳದ ತುಂಬ ಕಾಫಿ ಹರಡಿತ್ತು. ಅತ್ತೆ ಕೋಲು ಹಿಡಿದು ಕೋಳಿ ಓಡಿಸುತ್ತಾ ಕುಳಿತಿದ್ದರು. ಅವಳ ಜೊತೆ ಯಾರೂ ಇರಲಿಲ್ಲ. ಕೈ ಮುಗಿದಳು, ಜಗುಲಿಯ ಮೇಲೆ ಕೂತಳು, ಕೊಟ್ಟ ನೀರು ಕುಡಿದಳು. ನಾನು ಸುತ್ತಿಬಳಸದೆ ಕೇಳಿದೆ: "ನೀನು ಗೆದ್ರೆ ಬಸ್ ತರ್ತೀಯಾ?"

"ಗೊತ್ತಿಲ್ಲ ಕಣಕ್ಕ," ಎಂದಳು. "ಡಿಪೋಗೆ ಹೋಗಿ ಕೇಳ್ಕೊಂಡು ಬಂದೆ. ಬಸ್ ಐತೆ, ಡ್ರೈವರೂ ಅವ್ರೆ. ಮೇಲೆ ಬಂದ್ರೆ ತಿರುಗ್ಸಕ್ಕೆ ಜಾಗ ಇಲ್ಲ ಅಂತಾರೆ. ಅಷ್ಟು ದೂರ ರಿವರ್ಸಲ್ಲಿ ಇಳ್ಸಕ್ಕಾಗುತ್ತಾ?"

"ಜಾಗ ಎಲ್ಲಿಂದ ತರೋದು?"

ಅವಳು ನಮ್ಮ ಗೇಟಿನ ಕಡೆ ಕೈ ತೋರಿಸಿದಳು. "ರಸ್ತೆ ಮುಗಿಯೋದು ನಿಮ್ಮ ಗೇಟಲ್ಲಿ. ಆ ಮೂಲೆ ಕೊಟ್ರೆ ಬಸ್ ತಿರುಗುತ್ತೆ. ಒಂದಿಷ್ಟು ಕಾಫಿ ಗಿಡ, ಆ ಹಲಸಿನ ಮರ ಹೋಗ್ತವೆ. ಕೊಡ್ತೀರಾ?"

ಅತ್ತೆಯ ಕೈಯಲ್ಲಿದ್ದ ಕೋಲು ನಿಂತಿತು. ಆ ಹಲಸಿನ ಮರ ಅವರ ತವರಿನದು. ಆಲೂರು ಕಡೆಯಿಂದ ಮದುವೆಯಾಗಿ ಬಂದ ವರ್ಷ ಸೆರಗಿನಲ್ಲಿ ಕಟ್ಟಿ ತಂದ ಬೀಜ. ಹಣ್ಣಿನ ವಾಸನೆಗೆ ಆನೆ ಬರುತ್ತದೆ, ಕಡಿಸಿಬಿಡೋಣ ಎಂದು ಊರೆಲ್ಲ ಹಲಸು ಕಡಿಸಿದ ವರ್ಷವೂ ಅದನ್ನು ಮುಟ್ಟಲು ಅವರು ಬಿಟ್ಟಿರಲಿಲ್ಲ.

"ಓಟು ಕೇಳಕ್ಕೆ ಬಂದೋಳು ಜಾಗ ಕೇಳ್ತಾಳಲ್ಲ, ಎಷ್ಟು ಸೊಕ್ಕು ನೋಡೆ ಇವಳ್ಗೆ!" ಎಂದರು ನನಗೆ, ಅವಳ ಎದುರೇ.

ನನಗೂ ಮೈ ಉರಿಯಿತು. ಓಟಿಗೆ ಬಂದವರು ಏನಾದರೂ ಕೊಡುತ್ತೇನೆ ಎನ್ನುವುದು ರೂಢಿ. ಸುಳ್ಳಾದರೂ ಹಾಗನ್ನಬೇಕು. ಇವಳು ಕೇಳಿಕೊಂಡು ಬಂದಿದ್ದಾಳೆ. "ಯೋಚ್ನೆ ಮಾಡಿ ದೊಡ್ಡಮ್ಮ, ಇವತ್ತೇ ಹೇಳ್ಬೇಕಂತಿಲ್ಲ," ಎಂದು ಎದ್ದು, ಕಾಫಿ ತುಳಿಯದೆ ಅಂಚಿನಲ್ಲೇ ನಡೆದು ಹೋದಳು.

ಆದರೆ ಒಂದು ಮಾತು ನನ್ನೊಳಗೆ ಮುಳ್ಳಾಗಿ ಕೂತಿತು. ಡಿಪೋದಲ್ಲಿ ಇವಳಿಗೆ ಒಂದೇ ದಿನಕ್ಕೆ ಗೊತ್ತಾದ ಸಂಗತಿ, ಇಷ್ಟು ವರ್ಷ ಓಡಾಡಿದ ಮೆಂಬರನಿಗೆ ಗೊತ್ತಿರಲಿಲ್ಲವೇ? ಆ ಸಂಜೆಯೇ ಅವನನ್ನು ಮನೆಗೆ ಕರೆಸಿದೆ. ಎಂದಿನಂತೆ ನಗುತ್ತಲೇ ಬಂದ. ಅತ್ತೆಗೆ ಮೊಣಕಾಲಿನ ನೋವು ಹೇಗಿದೆ ಎಂದು ವಿಚಾರಿಸಿದ.

"ತಿರುಗ್ಸಕ್ಕೆ ಜಾಗ ಇಲ್ದೇ ಬಸ್ ಬರ್ತಿಲ್ಲ ಅಂತ ನಿಂಗೆ ಗೊತ್ತಿತ್ತಾ?" ಎಂದೆ.

ಅವನು ಸುಳ್ಳು ಹೇಳಲಿಲ್ಲ. ಅಷ್ಟು ಒಳ್ಳೆಯವನೇ. "ಗೊತ್ತಿತ್ತು ಅತ್ತಿಗೆ," ಎಂದ. "ಟಾರ್ ಹಾಕ್ಸ್ದಾಗ್ಲೇ ಹೇಳಿದ್ರು."

"ಮತ್ತೆ ನಮ್ಗೆ ಯಾಕೆ ಹೇಳ್ಲಿಲ್ಲ?"

"ಹೆಂಗ್ ಹೇಳ್ಲಿ? ದೊಡ್ಡಮ್ಮನ ಮರ. ದೊಡ್ಡ ಯಜಮಾನ್ರು ಹೋದ ಮನೆ. ನಿಮ್ಮ ಮನಸ್ಸು ನೋಯಿಸ್ಬಾರ್ದು ಅಂತ ಸುಮ್ನಾದೆ ಕಣ್ರೀ."

ನಮ್ಮೆಜಮಾನರು ತಲೆ ತಗ್ಗಿಸಿ ಕೂತಿದ್ದರು. ಮಗಳು ಬಾಗಿಲಲ್ಲಿ ನಿಂತಿದ್ದಳು. ಅವಳನ್ನು ನೋಡಿದ ಕೂಡಲೇ ನನಗೆ ತಡೆದುಕೊಳ್ಳಲು ಆಗಲಿಲ್ಲ. ನಮ್ಮ ಮನಸ್ಸು ನೋಯದಿರಲಿ ಎಂದು ಇವನು ಮುಚ್ಚಿಟ್ಟಿದ್ದಕ್ಕೆ ನನ್ನ ಮಗಳು ಆನೆಯ ಎದುರು ನಿಂತು ಬಂದಿದ್ದಾಳೆ. ಬರುತ್ತೆ, ಆಗುತ್ತೆ ಎಂದು ಅವನು ತಲೆ ಸವರಿದ್ದೆಲ್ಲ ನೆನಪಾಗಿ, ಆ ಸಮಾಧಾನವೆಲ್ಲ ಸಿಟ್ಟಾಗಿ ತಿರುಗಿತು.

"ನೋಡಪ್ಪ," ಎಂದೆ. "ನಾನು ಸತ್ತಾಗ ನೀನೇ ಬಾ. ಮುಂದಿನ ಹೆಗಲು ನೀನೇ ಕೊಡು. ಬದುಕಿರೋ ತನಕ ಬೇರೆಯವರನ್ನ ನೋಡ್ಕೋತೀನಿ."

 ಅವನ ಮುಖ ಸಣ್ಣಗಾಯಿತು. ಕೊಟ್ಟ ಕಾಫಿ ಮುಗಿಸಿ, "ಬರ್ತೀನಿ ದೊಡ್ಡಮ್ಮ," ಎಂದು ಹೊರಟ. ಹೀಗೆ ಅನ್ನಬಾರದಿತ್ತು ಎಂದು ನಮ್ಮೆಜಮಾನರು ಗೊಣಗಿದರು. ನನಗೆ ಹಾಗನ್ನಿಸಲಿಲ್ಲ, ಇವತ್ತಿಗೂ ಅನ್ನಿಸಿಲ್ಲ. ನಮ್ಮನ್ನು ನೋಯಿಸಬಾರದು ಎಂದುಕೊಳ್ಳುವವನು ಒಳ್ಳೆಯ ನೆಂಟ. ಅವನು ಹಬ್ಬಕ್ಕೆ ಬರಲಿ, ಹೋಳಿಗೆ ಬಡಿಸುತ್ತೇನೆ. ಊರಿನ ಕೆಲಸಕ್ಕೆ ನಿಂತವನು ನಮ್ಮ ಮುಖ ನೋಡಿ ಆಗುವುದಿಲ್ಲ ಎನ್ನಬೇಕು, ಕೆಲಸ ನಿಮ್ಮಿಂದಲೇ ನಿಂತಿದೆ ಎನ್ನಬೇಕು, ಕೊಡಿ ಎಂದು ಕೇಳಬೇಕು. ಆ ರಾತ್ರಿ ಅಡುಗೆ ಮಾಡುತ್ತಾ ಇನ್ನೊಂದು ಮಾತೂ ಹೊಳೆಯಿತು. ಮಾವನವರು ಹೋದ ದಿನ ರಸ್ತೆ ಸರಿಯಾಗಿದ್ದಿದ್ದರೆ ಆ ಹೆಗಲೇ ಬೇಕಿರಲಿಲ್ಲ.

ಮಾರನೇ ದಿನ ಅತ್ತೆ ಗೇಟಿನ ಹತ್ತಿರ ಹೋಗಿ ಬಹಳ ಹೊತ್ತು ನಿಂತು ಬಂದರು. "ಮರ ಹೋಗ್ಲಿ," ಎಂದರು. "ಹಲಸಿಗೆ ಆನೆ ಬರೋದು, ಹುಡುಗಿ ನಡೆಯೋದು, ಎರಡೂ ಒಂದೇ ದಾರೀಲಿ. ನಂಗೇ ತಿಳೀಲಿಲ್ಲ." ಅಷ್ಟೇ ಹೇಳಿ ಮತ್ತೆ ಕೋಲು ಹಿಡಿದು ಕೋಳಿ ಓಡಿಸಲು ಕೂತರು. ಯಾರಿಗೆ ಓಟು ಎಂಬ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಓಟಿನ ದಿನ ಶಾಲೆಯ ಹತ್ತಿರ ಸಾಲಿನಲ್ಲಿ ಅತ್ತೆಯ ಹಿಂದೆಯೇ ನಿಂತಿದ್ದೆ. ನನ್ನ ಚೀಟಿಯ ಮೇಲೆ ಹೊಲಿಗೆಯವಳ ಗುರುತಿಗೆ ಮುದ್ರೆ ಒತ್ತಿದೆ. ಒತ್ತುವಾಗ ಕೈ ಒಂದು ಕ್ಷಣ ತಡೆಯಿತು ಎಂಬುದು ಸುಳ್ಳಲ್ಲ, ಕೆಸರಿನಲ್ಲಿ ಏರಿ ಬಂದ ಆ ಕಾಲುಗಳು ಕಣ್ಣ ಮುಂದೆ ಬಂದವು. ಅವಳು ಸೋತಳು. ಕೂದಲೆಳೆಯ ಅಂತರ. ಹೆಗಲು ಕೊಟ್ಟವನೇ ಮತ್ತೆ ಗೆದ್ದ.

ಇನ್ನು ಬಸ್ಸಿನ ಕಥೆ ಮುಗಿಯಿತು ಎಂದುಕೊಂಡು ಮಗಳಿಗೆ ಏನು ಹೇಳಲಿ ಎಂದು ಯೋಚಿಸುತ್ತಿದ್ದೆ. ಆ ವಾರವೇ ಹೊಲಿಗೆಯವಳು ಬಂದಳು. ಕೈಯಲ್ಲಿ ಅಂಗಡಿಯ ಅಳತೆ ಟೇಪು.

"ಸೋತ್ಮೇಲೂ ಬಂದ್ಯಲ್ಲೇ," ಎಂದೆ.

"ದೊಡ್ಡಮ್ಮ ಜಾಗ ಕೊಡ್ತೀನಿ ಅಂದ್ರಂತೆ, ಸುದ್ದಿ ಬಂತು," ಎಂದಳು, ಅದಕ್ಕೂ ಸೋಲಿಗೂ ಸಂಬಂಧವೇ ಇಲ್ಲವೆಂಬಂತೆ. "ಎಷ್ಟು ಜಾಗ ಬೇಕು ಅಂತ ಡಿಪೋದವ್ರು ಹೇಳವ್ರೆ. ಬೇಕಾದ್ದಕ್ಕಿಂತ ಒಂದು ಗಿಡಾನೂ ಜಾಸ್ತಿ ಹೋಗ್ಬಾರ್ದು."

"ಬಸ್ಸಿಗೆ ರವಿಕೆ ಹೊಲೀತೀಯೇನೇ?" ಎಂದು ಅತ್ತೆ ಛೇಡಿಸಿದರು. ಆದರೂ ಟೇಪಿನ ಇನ್ನೊಂದು ತುದಿ ಹಿಡಿದವರು ಅವರೇ.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದೆವು. ಅವಳು ಅದನ್ನು ಮೆಂಬರನ ಮನೆಗೇ ಒಯ್ದು, ಮುಂದಿನ ಕೆಲಸ ನೀನು ಮಾಡಿಸು ಎಂದು ಕೊಟ್ಟಳಂತೆ. ಯಾರನ್ನೂ ನೋಯಿಸಬೇಕಾದ ಭಯ ಇಲ್ಲದ ಮೇಲೆ ಅವನೂ ಚೆನ್ನಾಗಿಯೇ ಓಡಾಡಿದ. ಮರ ಕಡಿಯುವ ದಿನ ಅತ್ತೆ ಒಳಗೆ ಕೂತು ರೇಡಿಯೋ ಜೋರಾಗಿ ಹಾಕಿಕೊಂಡಿದ್ದರು. ಸಂಜೆ ಹೊರಗೆ ಬಂದು, ಬಿದ್ದ ಮರದ ಮೇಲೆ ಕೈ ಸವರಿ, ಅತ್ತರು. ನನಗೂ ಅಳು ಬಂತು.

ಕಾಲೇಜು ಶುರುವಾಗುವ ಹೊತ್ತಿಗೆ ಬಸ್ ಬಂತು. ಮೆಂಬರ್ ಹಾರ ಹಾಕಿ, ಕಾಯಿ ಒಡೆದು, ಮಾವನವರನ್ನು ನೆನೆದು ಕಣ್ಣೊರೆಸಿಕೊಂಡ. ಅದು ನಾಟಕವಲ್ಲ, ಅವನು ಹಾಗೆಯೇ. ಹೊಲಿಗೆಯವಳು ಬಂದಿರಲಿಲ್ಲ, ಯಾರಿಗೋ ಹೇಳಿದ ದಿನ ರವಿಕೆ ಕೊಡಬೇಕಿತ್ತಂತೆ. ಮಗಳು ಕಿಟಕಿಯ ಪಕ್ಕ ಕೂತಳು. ಬಸ್ ನಮ್ಮ ಮೂಲೆಯಲ್ಲಿ ಹಿಂದೆ ಸರಿದು, ತಿರುಗಿ, ತಗ್ಗಿನ ಕಡೆ ಇಳಿದುಹೋಯಿತು.

ಜನ ಚದುರಿದ ಮೇಲೆ ಅತ್ತೆಯನ್ನು ಕೇಳಿಯೇಬಿಟ್ಟೆ: "ಅವತ್ತು ಯಾರಿಗೆ ಹಾಕಿದ್ರಿ?"

"ಅವನಿಗೇ ಕಣೆ," ಎಂದರು. "ನಿಮ್ಮಾವನ್ನ ನೆಲಕ್ಕೆ ಇಳಿಸ್ದೆ ತಂದಿದ್ನಲ್ಲ. ಆ ಋಣ ತೀರ್ತು."

ನನಗೆ ರೇಗಿತು. ಅವಳು ಕೂದಲೆಳೆಯಲ್ಲಿ ಸೋತಿದ್ದಳು. "ಮುಂದಿನ ಸಲ ಯಾರ್ದು ತೀರಿಸ್ಬೇಕೋ?" ಎಂದೆ.

ಅತ್ತೆ ಬೋಳಾದ ಮೂಲೆಯನ್ನು ನೋಡುತ್ತಾ ನಿಂತರು.

"ನನ್ನ ಮರ ಕಡಿಸಿದ್ಳಲ್ಲ," ಎಂದರು, "ಅವಳ್ದು."