ಅರವತ್ತರೊಳಗೆ ಮನೆ ಬಿಡಿಸಿಕೊಂಡ ಹೇಮಲತಾ ಮೇಡಂ

ಮನೆ ಸಾಲವನ್ನು ಮೂವತ್ತೆರಡನೆಯ ವಯಸ್ಸಿಗೇ ತೀರಿಸಿದವನು ಇಡೀ ಏಷ್ಯಾ ಖಂಡದಲ್ಲಿ ನಾನೊಬ್ಬನೇ. ಕೊನೆಯ ಕಂತು ಕಟ್ಟಿದ ದಿನ ಬ್ಯಾಂಕಿನ ಸಿಬ್ಬಂದಿಯೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಂದಿನಿಂದ ಅರಸೀಕೆರೆ ಜಂಕ್ಷನ್ನಿಗೆ ಬರುವ ರೈಲುಗಳು ನನ್ನ ಮನೆ ಕಾಣುವ ತಿರುವಿನಲ್ಲಿ ವೇಗ ತಗ್ಗಿಸುತ್ತವೆ, ಪ್ರಯಾಣಿಕರು ಕಿಟಕಿಯಿಂದಲೇ ಕೈಮುಗಿಯುತ್ತಾರೆ. ಇಂಥ ನಾನೇ ಸಾಲ ತೀರಿಸುವ ವಿದ್ಯೆಯಲ್ಲಿ ಇನ್ನೊಬ್ಬರನ್ನು ನನಗಿಂತ ಒಂದು ಮೆಟ್ಟಿಲು ಮೇಲೆ ಕೂರಿಸುತ್ತಿದ್ದೇನೆಂದರೆ, ಅವರು ಎಂಥವರೆಂಬುದನ್ನು ಓದುಗರೇ ಊಹಿಸಿಕೊಳ್ಳಬೇಕು. ಅವರೇ ನಮ್ಮ ಜಾವಗಲ್ ಪ್ರೌಢಶಾಲೆಯಿಂದ ಈ ತಿಂಗಳು ನಿವೃತ್ತರಾಗುತ್ತಿರುವ ಸಮಾಜ ವಿಜ್ಞಾನ ಶಿಕ್ಷಕಿ ಶ್ರೀಮತಿ ಹೇಮಲತಾ ಶಶಿಧರ್.

ಶಿಕ್ಷಕರ ಸಾಧನೆಯನ್ನು ಪರೀಕ್ಷಾ ಫಲಿತಾಂಶದಲ್ಲಿ ಅಳೆಯುವುದು ವಾಡಿಕೆ. ಆ ಅಳತೆಯಲ್ಲಿಯೂ ಮೇಡಂ ಹಿಂದೆ ಬಿದ್ದವರಲ್ಲ. ಆದರೆ ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ಅವರ ಹೆಸರು ನಿಂತಿರುವುದು ಬೇರೊಂದು ಕಾರಣಕ್ಕೆ. ಮೇಷ್ಟ್ರ ಸಂಬಳದಲ್ಲಿ ಮನೆ ಕಟ್ಟಿ, ಆ ಸಂಬಳ ನಿಲ್ಲುವುದರೊಳಗೆ ಮನೆಯನ್ನು ಪೂರ್ತಿ ತಮ್ಮದಾಗಿಸಿಕೊಂಡವರು ನಮ್ಮಲ್ಲಿ ಅವರಿಗಿಂತ ಮೊದಲು ಯಾರೂ ಇರಲಿಲ್ಲ. ಉಳಿದವರೆಲ್ಲ ಹಾರ ಹಾಕಿಸಿಕೊಂಡು ನಿವೃತ್ತರಾಗುತ್ತೇವೆ. ಆ ಹಾರ ಬಾಡುವ ಮೊದಲೇ ಪಿಂಚಣಿಯಲ್ಲಿ ಕಂತು ಕಟ್ಟಲು ಹೊರಡುತ್ತೇವೆ.

ಮೇಡಂ ಹುಟ್ಟಿದ್ದು ಹಾರನಹಳ್ಳಿಯ ಕೊಬ್ಬರಿ ವ್ಯಾಪಾರದ ಮನೆತನದಲ್ಲಿ. ಹಟ ಮಾಡಿಕೊಂಡು ಅಕ್ಕನ ಹಿಂದೆ ಶಾಲೆಗೆ ಹೋದ ನಾಲ್ಕು ವರ್ಷದ ಹುಡುಗಿಯನ್ನು ಒಂದನೆಯ ತರಗತಿಗೆ ಸೇರಿಸಿಕೊಳ್ಳಲು ಅಡ್ಡಿಯಾಗದಿರಲೆಂದು, ಅಲ್ಲಿನ ಮೇಷ್ಟ್ರು ವಯಸ್ಸಿಗೆ ಎರಡು ವರ್ಷ ಸೇರಿಸಿ ಬರೆದುಕೊಂಡರಂತೆ. ಆ ಔದಾರ್ಯದಿಂದಾಗಿ ಇಂದು ಸರ್ಕಾರದ ದಾಖಲೆಯಲ್ಲಿ ಮೇಡಂಗೆ ಅರವತ್ತು. ಅವರ ತಾಯಿ ಸುವರ್ಣಮ್ಮನವರ ಲೆಕ್ಕವೇ ಬೇರೆ.

"ಅವಳಿಗಿನ್ನೂ ಐವತ್ತೆಂಟು ಕಣಪ್ಪ," ಎಂದು ಮೊನ್ನೆ ನನ್ನನ್ನೇ ತರಾಟೆಗೆ ತೆಗೆದುಕೊಂಡರು. "ಆ ಮೇಷ್ಟ್ರು ಎರಡು ವರ್ಸ ಸೇರಿಸಿಕೊಟ್ಟ, ಈಗ ಗೌರ್ಮೆಂಟಿನೋರು ಕಿತ್ಕೊಂತಾವ್ರೆ. ಹೆತ್ತೋಳು ನಾನಿದೀನಿ, ನನ್ನ ಯಾರಾದ್ರೂ ಕೇಳಿದ್ರಾ?"

ಮೇಡಂ ಸೇವೆಗೆ ಸೇರಿದ್ದು ಹಳೇಬೀಡಿನಲ್ಲಿ. ಬಳಿಕ ಕೆಲವು ವರ್ಷ ಗಂಡಸಿ, ಆಮೇಲೆ ನಮ್ಮ ಜಾವಗಲ್. ದೈಹಿಕ ಶಿಕ್ಷಕನಾದ ನನಗೆ ಅವರ ಪರಿಚಯವಾದದ್ದು ಇಲ್ಲಿಯೇ. ಅರಸೀಕೆರೆಯಲ್ಲಿ ಒಂದು ನಿವೇಶನ ಕೊಂಡು ಅವರು ಮನೆ ಸಾಲಕ್ಕೆ ಹೋದಾಗ, ಬ್ಯಾಂಕಿನ ವ್ಯವಹಾರದಲ್ಲಿ ನನ್ನಷ್ಟು ನುರಿತವರು ಜಿಲ್ಲೆಯಲ್ಲೇ ಇಲ್ಲವಾದ್ದರಿಂದ ನಾನೂ ಜೊತೆಗೆ ಹೋಗಿದ್ದೆ. ಅಧಿಕಾರಿ ಕಾಗದಪತ್ರ ನೋಡಿ, "ರೆಕಾರ್ಡ್ ಪ್ರಕಾರ ನಿಮ್ಮ ಸರ್ವೀಸು ಹದಿನಾರೇ ವರ್ಷ ಉಳಿದಿದೆ ಮೇಡಂ. ಎಪ್ಪತ್ತರವರೆಗೆ ಎಳೆದುಬಿಡೋಣ. ಪೆನ್ಷನ್ನಲ್ಲಿ ಕಟ್ಕೊಂಡು ಹೋಗ್ತೀರಿ, ಕಂತು ಹಗುರ ಆಗುತ್ತೆ," ಎಂದರು.

"ಕಂತು ಹಗುರ ಆಗುತ್ತೆ, ಒಪ್ಪಿದೆ. ಎಪ್ಪತ್ತಕ್ಕೆ ನಾನೂ ಹಗುರ ಆಗಿರ್ತೀನಲ್ಲ ಸಾರ್, ಅದಕ್ಕೇನ್ ಮಾಡ್ತೀರಿ? ಅರವತ್ತಕ್ಕೇ ಹಾಕಿ," ಎಂದರು ಮೇಡಂ. ಪಿಂಚಣಿಯ ಒಂದು ಪೈಸೆಯನ್ನೂ ಸಾಲಕ್ಕೆ ಮುಟ್ಟಿಸುವುದಿಲ್ಲವೆಂಬ ಅವರ ಶಪಥ ಅಲ್ಲಿಂದ ಆರಂಭವಾಯಿತು.

ಡಿ.ಎ. ಬಾಕಿ ಬಂದ ದಿನ ನಮ್ಮ ಸಿಬ್ಬಂದಿ ಕೊಠಡಿಗೆ ಹಬ್ಬದ ಕಳೆ. ಒಬ್ಬರು ಬೈಕಿನ ಮಾತೆತ್ತಿದರೆ ಇನ್ನೊಬ್ಬರು ಗೋಡೆಯಗಲದ ಟಿ.ವಿ.ಯ ಮಾತೆತ್ತುತ್ತಿದ್ದರು. ಮೇಡಂ ಮಾತ್ರ ಆ ಸಂಜೆಯೇ ಬಸ್ಸು ಹಿಡಿದು ಬ್ಯಾಂಕಿಗೆ ಹೋಗಿ, "ಇದು ಮುಂದಿನ ಕಂತಿಗಲ್ಲ, ಅಸಲಿಗೆ ಜಮಾ ಮಾಡಿ," ಎಂದು ಕೌಂಟರಿನಲ್ಲಿ ನಿಂತು ಹೇಳಿ, ಹಾಗೆಯೇ ಜಮಾ ಆಗಿದೆಯೆಂದು ಕಣ್ಣಾರೆ ನೋಡಿಕೊಂಡು ಬರುತ್ತಿದ್ದರು. ಹಾಗೆ ಹೇಳದಿದ್ದರೆ ಹಣ ಬರುವ ತಿಂಗಳುಗಳ ಕಂತಿಗೆ ಹಂಚಿಹೋಗುತ್ತದೆ, ಅಸಲು ಇದ್ದಲ್ಲೇ ಇರುತ್ತದೆ ಎಂಬ ಗುಟ್ಟನ್ನು ಅವರು ನಮಗೆಲ್ಲ ಬಿಟ್ಟುಕೊಟ್ಟರು. ನಾವು ತಲೆಯಾಡಿಸಿ ಟಿ.ವಿ. ಕೊಂಡೆವು.

ಹೀಗಾಗಿ ಅವರ ಮನೆಯ ಗೋಡೆಗಳು ಬಹಳ ಕಾಲ ಬರೀ ಇಟ್ಟಿಗೆಯಲ್ಲೇ ನಿಂತಿದ್ದವು. "ಹಳೇಬೀಡಿನ ಗುಡಿಗೇ ಗೋಪುರ ಇಲ್ಲ, ನಿಮ್ಮ ಮನೆಗೆ ಗಾರೆ ಯಾಕೆ ಬಿಡಿ ಮೇಡಂ," ಎಂದು ನಾನು ಛೇಡಿಸಿದರೆ, "ಆ ರಾಜನಿಗೆ ಅರವತ್ತಕ್ಕೆ ರಿಟೈರ್ಮೆಂಟು ಇರಲಿಲ್ಲ ದೇವರಾಜ್ ಮೇಷ್ಟ್ರೇ, ನನಗೆ ಇದೆ," ಎಂದು ಚಾಕ್‌ಪೀಸ್ ಎತ್ತಿಕೊಂಡು ತರಗತಿಗೆ ನಡೆದುಬಿಡುತ್ತಿದ್ದರು.

ಆ ಗಾರೆಯಿಲ್ಲದ ಮನೆಯಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಸಿಕ್ಕ ಆದರವನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ನಾನು ತಯಾರು ಮಾಡಿದ ಬಾಲಕಿಯರ ಖೋಖೋ ತಂಡ ಅರಸೀಕೆರೆಯಲ್ಲಿ ದೇಶವೇ ಬೆರಗಾಗುವಂತೆ ಆಡಿದ ದಿನ, ಆ ವಿಜಯವನ್ನು ನಾನು ಬಸ್ ನಿಲ್ದಾಣದಲ್ಲಿ ನಾಲ್ಕು ಜನಕ್ಕೆ ವರ್ಣಿಸುತ್ತಿರುವಾಗಲೇ ಜಾವಗಲ್ಲಿನ ಕೊನೆಯ ಬಸ್ಸು ಹೊರಟುಹೋಗಿತ್ತು. ಫೋನು ಮಾಡಿದ್ದಕ್ಕೆ ಮೇಡಂ ಒಂದೂ ಮಾತು ಬೈಯದೆ ಇಡೀ ತಂಡವನ್ನು ಮನೆಗೆ ಕರೆಸಿಕೊಂಡರು. ಅವರೆಕಾಳಿನ ಉಪ್ಪಿಟ್ಟು ಮಾಡಿ ಬಡಿಸಿ, ಹೊದಿಕೆ ಸಾಲದ್ದಕ್ಕೆ ತಮ್ಮ ಸೀರೆಗಳನ್ನೇ ಕೊಟ್ಟರು. ತಂಡದ ನಾಯಕಿ ಅರುಣಾ ಗೋಡೆ ಸವರಿ, "ಮೇಡಂ, ಸಿಮೆಂಟೇ ಮೆತ್ತಿಲ್ವಲ್ಲ?" ಎಂದು ಕೇಳಿದಳಂತೆ. "ಗೋಡೆ ಇನ್ನಷ್ಟು ದಿನ ತಡಕೊಳ್ಳುತ್ತೆ ಕಣೇ. ನೀನು ಇನ್ನೊಂದು ಸೌಟು ಹಾಕ್ಕೋ," ಎಂದರಂತೆ ಮೇಡಂ. ಆ ಅರುಣಾ ಈಗ ಕಾಲೇಜಿನಲ್ಲಿ ಉಪನ್ಯಾಸಕಿ. ಈ ಅಭಿನಂದನ ಗ್ರಂಥದ ಸಂಪಾದಕಿಯೂ ಅವಳೇ.

ಶಪಥ ಮುರಿಯುವ ಕಾಲವೂ ಬಂತು. ಕೊರೊನಾ ಹಾವಳಿಯಲ್ಲಿ ಡಿ.ಎ. ನಿಂತಿತು. ಯಜಮಾನರಾದ ಶಶಿಧರ್ ಅವರ ಕೊಬ್ಬರಿ ಮಂಡಿಯ ಬಾಗಿಲು ಮುಚ್ಚಿತು. ಮನೆಯ ಖರ್ಚೆಲ್ಲ ಒಂದೇ ಸಂಬಳದ ಮೇಲೆ ಬಿದ್ದು, ಅಸಲಿಗೆ ಕಟ್ಟುವುದಿರಲಿ, ತಿಂಗಳ ಕಂತೇ ತಡವರಿಸತೊಡಗಿತು. ಅವಧಿಯನ್ನು ನಿವೃತ್ತಿಯಾಚೆಗೆ ದೂಡಿಸಿಕೊಳ್ಳಿ ಎಂದು ನಾವೆಲ್ಲ ಹೇಳಿದೆವು. ಮೇಡಂ ಬೇರೆಯೇ ದಾರಿ ಹುಡುಕಿದರು. ನಡುಮನೆಯನ್ನೂ ಬೀದಿ ಕಡೆಯ ಕೋಣೆಯನ್ನೂ ರೈಲ್ವೆ ನೌಕರರೊಬ್ಬರ ಸಂಸಾರಕ್ಕೆ ಬಾಡಿಗೆಗೆ ಬಿಟ್ಟು, ತಾವು ಗಂಡನೊಡನೆ ಅಡುಗೆಮನೆ ಮತ್ತು ಅದರ ಪಕ್ಕದ ಕೋಣೆಗೆ ಸರಿದುಕೊಂಡರು. ತಮ್ಮದೇ ಮನೆಗೆ ಹಿತ್ತಿಲ ಬಾಗಿಲಿನಿಂದ ಓಡಾಡಿದರು. ಶಾಲೆಗೆ ಹೊರಡುವಾಗ ನೆಂಟರು ಎದುರಾದರೂ ತಲೆ ತಗ್ಗಿಸಲಿಲ್ಲ.

ಸುವರ್ಣಮ್ಮನವರು ಹಾರನಹಳ್ಳಿಯಿಂದ ಬಂದವರು ಬೀದಿಯಲ್ಲೇ ನಿಂತು, "ಸ್ವಂತ ಮನೆಗೆ ಹಿತ್ತಿಲಿಂದ ನುಗ್ಗೋ ಗತಿ ಏನ್ ಬಂದಿತ್ತೇ ನಿಂಗೆ?" ಎಂದು ಕಣ್ಣೊರೆಸಿಕೊಂಡರು.

"ಮುಂಬಾಗಿಲು ಇನ್ನೂ ಬ್ಯಾಂಕಿಂದು ಕಣವ್ವ. ಹಿತ್ತಿಲು ನಂದಾಗೈತೆ. ಅದಕ್ಕೇ ಅಲ್ಲಿಂದ ಬತ್ತೀನಿ. ನೀನೂ ಬಾ," ಎಂದು ಮಗಳು ತಾಯಿಯ ಕೈಹಿಡಿದು ಕರೆದೊಯ್ದುದನ್ನು ಆ ಬೀದಿಯವರು ಇಂದಿಗೂ ಹೇಳುತ್ತಾರೆ.

ಬಾಡಿಗೆ ಕಂತಿಗೆ ಸೇರಿತು. ಮಂಡಿ ತೆರೆಯಿತು, ನಿಂತಿದ್ದ ಡಿ.ಎ. ಮತ್ತೆ ಬಂತು. ಕಳೆದ ತಿಂಗಳು, ಇನ್ನೂ ಒಂದು ಸಂಬಳ ಬಾಕಿ ಇರುವಂತೆಯೇ, ಮೇಡಂ ಸಾಲ ತೀರಿಸಿ ಮನೆಯ ಮೂಲ ಪತ್ರಗಳನ್ನು ಬ್ಯಾಂಕಿನಿಂದ ಬಿಡಿಸಿಕೊಂಡರು. ಅಂದೂ ನಾನು ಜೊತೆಗಿದ್ದೆ. ಪತ್ರ ಕೈಗೆ ಬರುತ್ತಲೇ ಮೇಡಂ ಬಿಕ್ಕಿ ಬಿಕ್ಕಿ ಅತ್ತರು. ನಾನು ನನ್ನ ರೇಷ್ಮೆ ಕರವಸ್ತ್ರವನ್ನು ಕೊಟ್ಟು, "ಧೈರ್ಯ ತಂದುಕೊಳ್ಳಿ, ನಾನಿಲ್ಲವೇ," ಎಂದು ಗಂಭೀರವಾಗಿ ಸಂತೈಸಿದೆ.

ಇಷ್ಟು ಬರೆದು, ಕೊನೆಗೊಂದು ಶುಭಹಾರೈಕೆ ಸೇರಿಸಿ ಸಂಪಾದಕಿಗೆ ಕಳುಹಿಸಿದ್ದೆ. ಮೂರನೆಯ ದಿನ ಅರುಣಾ ಹಸ್ತಪ್ರತಿಯೊಡನೆ ಮನೆಗೇ ಬಂದಳು.

"ಸಾರ್, ಮೇಡಂಗೆ ಓದಿ ಹೇಳ್ದೆ. ನಕ್ಕೂ ನಕ್ಕೂ ಕನ್ನಡಕ ತೆಗೆದಿಟ್ರು."

"ಮೆಚ್ಚಿದ್ರು ಅನ್ನು."

"ಖೋಖೋ ಮೊದಲನೇ ಆಟದಲ್ಲೇ ಸೋತಿದ್ದನ್ನ ನಾನೂ ಹೇಳಲ್ಲ, ಮೇಡಮ್ಮೂ ಹೇಳಲ್ಲ. ಆದ್ರೆ ಬ್ಯಾಂಕಿನ ವಿಷಯ ಹಂಗೇ ಅಚ್ಚು ಹಾಕಬೇಡ ಅಂದ್ರು. ಮೂವತ್ತೆರಡಕ್ಕೆ ಸಾಲ ತೀರಿಸ್ಬೋದು ಅಂತ ಯಾವನಾದ್ರೂ ಹೊಸ ಮೇಷ್ಟ್ರು ನಂಬಿ ದೊಡ್ಡ ಸಾಲ ಮೈಮೇಲೆ ಎಳ್ಕೊಂಡ್ರೆ ಏನ್ ಗತಿ ಅಂದ್ರು. ನಿಜ ಬರೀಲಿಲ್ಲ ಅಂದ್ರೆ ಸನ್ಮಾನಕ್ಕೇ ಬರಲ್ವಂತೆ."

"ಅಷ್ಟು ಜನಕ್ಕೆ ಊಟ ಹೇಳಿಬಿಟ್ಟಿದೀವಲ್ಲೇ?"

"ಅದಕ್ಕೇ ಸಾರ್ ಬಂದಿರೋದು. ಬರೀರಿ. ಕಾಯ್ತೀನಿ."

ಅವಳು ಕುರ್ಚಿ ಎಳೆದುಕೊಂಡು ಕೂತಿದ್ದಾಳೆ. ಬರೆಯದೆ ನನಗೆ ಬೇರೆ ದಾರಿಯಿಲ್ಲ.

ಬ್ಯಾಂಕಿನಲ್ಲಿ ಅತ್ತವರು ಮೇಡಂ ಅಲ್ಲ, ನಾನು. ಅವರು ಪತ್ರದ ಹಾಳೆಗಳನ್ನು ಒಂದೊಂದಾಗಿ ತಿರುವಿ, ಸೆರಗಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ನಗುತ್ತಿದ್ದರು. ಆಗ ಅಧಿಕಾರಿ ನನ್ನ ಕಡೆ ತಿರುಗಿ, "ನಿಮ್ಮದು ಯಾವಾಗ ಮುಗಿಯುತ್ತೆ ಸಾರ್, ನೋಡೋಣ್ವಾ?" ಎಂದು ಕಂಪ್ಯೂಟರ್ ಒತ್ತಿಬಿಟ್ಟರು. ನನಗೀಗ ಐವತ್ತೇಳು. ಸಾಲ ಮುಗಿಯುವುದು ಎಪ್ಪತ್ತಕ್ಕೆ. ಕಂತು ಹಗುರವಾಗಲೆಂದು ನಾನೇ ಒಪ್ಪಿ ಎಳೆಸಿಕೊಂಡ ಅವಧಿ ಅದು. ಅಳುತ್ತಿದ್ದ ನನ್ನನ್ನು ಹೊರಗೆ ಕರೆತಂದು ಎಳನೀರು ಕೊಡಿಸಿದವರು ಮೇಡಂ. "ಮೊದಲು ನಿಮ್ಮ ಆ ಕಾರು ಮಾರಿ. ಆಟ ಕಲಿಸೋ ನಿಮ್ಮ ವಿದ್ಯೆಗೆ ಎರಡು ಕಾಲು ಸಾಕು. ಬಂದದ್ದನ್ನ ನಾಳೇನೇ ಅಸಲಿಗೆ ಕಟ್ಟಿ, ನಾನು ಬಂದು ನಿಂತ್ಕೋತೀನಿ," ಎಂದರು. ಮರುದಿನ ಕಾರು ಕೊಳ್ಳುವವರನ್ನು ಹುಡುಕಿಕೊಟ್ಟವರೂ ಅವರೇ. ನಾನು ಕೌಂಟರಿನಲ್ಲಿ ತೊದಲಿದಾಗ ಹಿಂದಿನಿಂದ, "ಜೋರಾಗಿ ಹೇಳಿ ಮೇಷ್ಟ್ರೇ, ಮೈದಾನದಲ್ಲಿ ಕೂಗ್ತೀರಲ್ಲ ಹಂಗೆ," ಎಂದವರೂ ಅವರೇ. ಕೂಗಿದೆ. ಇಡೀ ಬ್ಯಾಂಕು ತಿರುಗಿ ನೋಡಿತು.

ನಮ್ಮ ಮೇಡಂ ನೂರು ವರ್ಷ ಬಾಳಲಿ. ಅದರ ಮೇಲಿನ ಎರಡು ವರ್ಷವನ್ನು ಸುವರ್ಣಮ್ಮನವರ ಲೆಕ್ಕದಂತೆ ದೇವರು ಕೊಟ್ಟೇ ಕೊಡಲಿ. ನಿವೃತ್ತಿಯ ನಂತರ ವಿಶ್ರಾಂತಿ ಎಂಬ ಮಾತನ್ನು ಅವರು ಎತ್ತಬಾರದು. ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ಅವರು ಬಿಡಿಸಬೇಕಾದ ಮನೆಗಳು ಇನ್ನೂ ಹಲವಿವೆ, ಅದರಲ್ಲಿ ನನ್ನದು ಮೊದಲು. ಕಾರಿನ ಹಣ ಅಸಲಿಗೆ ಬಿದ್ದ ಮೇಲೆ ನನ್ನ ಎಪ್ಪತ್ತು ಅರವತ್ತೆಂಟಕ್ಕೆ ಇಳಿದಿದೆ. ಅರವತ್ತೈದು ಎಂದು ಬರೆಯಲು ಕೈ ತುರಿಸುತ್ತಿದೆ. ಅರುಣಾ ನೋಡುತ್ತಿದ್ದಾಳೆ. ಅರವತ್ತೆಂಟೇ.